ಹೆಣೆಯುತ್ತಲೇ ಕಾದಂಬರಿ ಓದಲು ಸಾಧ್ಯವೇ?

ವಾರ ಕಳೆಯುವುದರೊಳಗೆ ಒಂದೆರಡು ಕಾದಂಬರಿ ಓದಿ ಮುಗಿಸಿ, ಮಗುವಿಗೊಂದು ಕುಲಾವಿಯನ್ನೋ ಒಂದು ಜೊತೆ ಕಾಲುಚೀಲವನ್ನೋ ಹೆಣೆದಿಡಲು ನಿಮಗೆ ಪುರುಸೊತ್ತು ಎಲ್ಲಿಂದ ಸಿಗುತ್ತದೆ ಎಂದು ಮೈಸೂರಿನ ನಮ್ಮ ಬೀದಿಯವರೂ ನೆಂಟರೂ ಸಿಕ್ಕಿದಾಗಲೆಲ್ಲ ಕೇಳುತ್ತಾರೆ. ಎರಡನ್ನೂ ಬಹುಪಾಲು ಒಟ್ಟಿಗೇ ಮಾಡುತ್ತೇನೆ ಎಂದರೆ ನಂಬುವವರು ಕಡಿಮೆ. ಆದರೆ ನಿಜವಾದ ಉತ್ತರ ಅದೇ. ಹೆಣಿಗೆ ಚಿಕ್ಕದಾಗಿರಬೇಕು, ಅದರ ಸಾಲುಗಳು ಸರಳವಾಗಿರಬೇಕು ಮತ್ತು ಕಾದಂಬರಿಯನ್ನು ಆ ಹೆಣಿಗೆಗೆ ತಕ್ಕಂತೆ ಆರಿಸಿಕೊಂಡಿರಬೇಕು.

ಕುಲಾವಿಯನ್ನೇ ತೆಗೆದುಕೊಳ್ಳೋಣ. ಆಗ ತಾನೇ ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್ ಇರುತ್ತದೆ. 4 ಮಿಲಿಮೀಟರ್ ದಪ್ಪದ, ಅಂದರೆ ಹಳೆಯ ಲೆಕ್ಕದಲ್ಲಿ ಎಂಟನೇ ನಂಬರಿನ ಕಡ್ಡಿಯಲ್ಲಿ ನನ್ನ ಕೈಯ ಬಿಗಿಗೆ 10 ಸೆಂಟಿಮೀಟರಿಗೆ 22 ಕುಣಿಕೆಗಳು ಬರುತ್ತವೆ. ಆದ್ದರಿಂದ 72 ಕುಣಿಕೆಗಳನ್ನು ಹಾಕಿಕೊಂಡರೆ ಸುಮಾರು 33 ಸೆಂಟಿಮೀಟರ್ ಅಗಲವಾಗುತ್ತದೆ, ಹೆಣಿಗೆ ಹಿಗ್ಗುವ ಗುಣದ್ದಾಗಿರುವುದರಿಂದ ತಲೆಗೆ ಹಿತವಾಗಿ ಅಂಟಿ ಕೂರುತ್ತದೆ. ಅಲ್ಲಿಂದ 10 ಸೆಂಟಿಮೀಟರ್ ಎತ್ತರದವರೆಗೆ ಕುಣಿಕೆಗಳನ್ನು ಕೂಡಿಸುವುದೂ ಇಲ್ಲ, ಕಳೆಯುವುದೂ ಇಲ್ಲ. ಒಂದು ಸಾಲು ನಿಟ್, ಅಂದರೆ ನುಣುಪು ಮುಖ ನಮ್ಮ ಕಡೆಗೆ ಬರುವ ಹೆಣಿಗೆ, ಮರುಸಾಲು ಪರ್ಲ್, ಅಂದರೆ ಉಬ್ಬು ನಮ್ಮ ಕಡೆಗೆ ಬರುವ ಹೆಣಿಗೆ. ಯಾವ ಬದಿಯಲ್ಲಿದ್ದೇನೆ ಎಂಬುದು ಬೆರಳಿಗೇ ತಿಳಿಯುತ್ತದೆ, ಏಕೆಂದರೆ ಒಂದು ಬದಿ ನುಣುಪಾಗಿದ್ದು ಇನ್ನೊಂದು ಬದಿಯಲ್ಲಿ ಚಿಕ್ಕ ಚಿಕ್ಕ ಉಬ್ಬುಗಳು ಕೈಗೆ ತಾಗುತ್ತವೆ. ಆದ್ದರಿಂದ ಕಣ್ಣು ಪುಸ್ತಕದ ಮೇಲೆಯೇ ಇರಬಹುದು.

ನೆತ್ತಿಯ ಭಾಗಕ್ಕೆ ಬಂದಾಗ ಮಾತ್ರ ಪುಸ್ತಕವನ್ನು ಮುಚ್ಚಿಡಲೇಬೇಕು. 72 ಕುಣಿಕೆಗಳನ್ನು ಒಂಬತ್ತೊಂಬತ್ತರ ಎಂಟು ಭಾಗ ಮಾಡಿ, ಪ್ರತಿ ಭಾಗದ ಕೊನೆಯ ಎರಡು ಕುಣಿಕೆಗಳನ್ನು ಒಂದಾಗಿ ಹೆಣೆದರೆ 64 ಉಳಿಯುತ್ತವೆ. ಹೀಗೆ ಸಾಲು ಬಿಟ್ಟು ಸಾಲಿನಲ್ಲಿ ಎಂಟೆಂಟು ಕಳೆಯುತ್ತ ಹೋಗಿ, ಕೊನೆಗೆ ಎಂಟೇ ಉಳಿದಾಗ ದಾರವನ್ನು ಸೂಜಿಗೆ ಪೋಣಿಸಿ ಅವುಗಳೊಳಗೆ ತೂರಿಸಿ ಬಿಗಿಯಬೇಕು. ಹಿಂಬದಿಯನ್ನು ಜೋಡಿಸುವ ಹೊಲಿಗೆ ಒಳಗಡೆ ದಪ್ಪವಾಗಿ ಎದ್ದು ನಿಂತರೆ ಮಲಗಿದ ಮಗುವಿನ ತಲೆಗೆ ಒತ್ತುತ್ತದೆ, ಹಾಗಾಗಿ ಅದನ್ನು ನಾನು ಹಗಲು ಬೆಳಕಿನಲ್ಲೇ, ಅಂಚಿಗೆ ಅಂಚು ಕೂಡಿಸಿ ಹಾಕುತ್ತೇನೆ. ಈ ಕೆಲಸದ ಜೊತೆಗೆ ಬೇರಾವ ಕೆಲಸವೂ ಸಲ್ಲದು.

ಪುಸ್ತಕವನ್ನು ಹಿಡಿದುಕೊಳ್ಳುವವರು ಯಾರು ಎಂದು ಮುಂದಿನ ಪ್ರಶ್ನೆ ಬರುತ್ತದೆ. ಭಾರತ, ರಾಮಾಯಣಗಳ ಪಾರಾಯಣಕ್ಕೆ ಹಿರಿಯರು ಬಳಸುತ್ತಿದ್ದ ಮರದ ವ್ಯಾಸಪೀಠ ನಮ್ಮ ಮನೆಯಲ್ಲಿದೆ, ಅದನ್ನು ಮೇಜಿನ ಮೇಲಿಟ್ಟರೆ ಪುಟ ಕಣ್ಣಿಗೆ ಸರಿಯಾದ ಎತ್ತರಕ್ಕೆ ಬರುತ್ತದೆ. ಗ್ರಂಥಾಲಯದ ಪುಸ್ತಕವಾದರೆ ಬೆನ್ನು ಬಿರಿಯುವಂತೆ ಅಗಲಿಸಬಾರದು. ಪುಟ ಮುಗಿದರೂ ಸಾಲು ಮುಗಿಯುವವರೆಗೆ ಕಾಯುತ್ತೇನೆ, ಹೆಣಿಗೆಯನ್ನು ತಿರುಗಿಸಿಕೊಳ್ಳುವಾಗಲೇ ಪುಟವನ್ನೂ ತಿರುವುತ್ತೇನೆ. ಓದು ಇದರಿಂದ ನಿಧಾನವಾಗುತ್ತದೆ ಎಂಬುದು ನಿಜ, ಆದರೆ ಆ ನಿಧಾನವೇ ಕಾದಂಬರಿಗೆ ಬೇಕಾದದ್ದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಕಥೆ ಎಲ್ಲಿಗೆ ಮುಟ್ಟಿತೆಂದು ತಿಳಿಯುವ ಆತುರದಲ್ಲಿ ವರ್ಣನೆಗಳನ್ನು ಹಾರಿಸಿಕೊಂಡು ಹೋಗುವ ಅಭ್ಯಾಸ ಕೈಯಲ್ಲಿ ಕಡ್ಡಿ ಇದ್ದಾಗ ತಾನಾಗಿ ಬಿಟ್ಟುಹೋಗುತ್ತದೆ.

ಎಲ್ಲ ಕಾದಂಬರಿಗಳೂ ಇದಕ್ಕೆ ಒದಗುವುದಿಲ್ಲ. ಮೈಸೂರಿನಲ್ಲೇ ಬಾಳಿ 1963ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡ ತ್ರಿವೇಣಿಯವರ ಕಾದಂಬರಿಗಳು ಗಾತ್ರದಲ್ಲಿ ಚಿಕ್ಕವು. ಹೆಚ್ಚಿನವು ಒಂದು ಮನೆ, ಒಂದು ಮನಸ್ಸು, ಅದರ ತಳಮಳ, ಇಷ್ಟನ್ನೇ ಬಿಡದೆ ಹಿಂಬಾಲಿಸುವುದರಿಂದ ಸಾಲುಗಳ ನಡುವೆ ತುಸು ತಡೆದರೂ ಎಳೆ ತಪ್ಪುವುದಿಲ್ಲ. 1967ರಲ್ಲಿ ಬಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಹಾಗಲ್ಲ. ಹಲವು ಮನೆಗಳ, ಹಲವು ಜಾತಿಗಳ, ಲೆಕ್ಕವಿಲ್ಲದಷ್ಟು ಜನರ ಬದುಕು ಅದರಲ್ಲಿ ಒಂದರೊಳಗೊಂದು ಹಾಸುಹೊಕ್ಕಾಗಿರುವುದರಿಂದ ಮತ್ತೆ ಮತ್ತೆ ಹಿಂದಿನ ಪುಟಗಳಿಗೆ ಮರಳಬೇಕಾಗುತ್ತದೆ, ಅದಕ್ಕೆ ಎರಡು ಕೈಗಳೂ ಬಿಡುವಾಗಿರಬೇಕು. ಅಂಥ ಕೃತಿಯನ್ನು ಹಿಡಿದ ವಾರ ನಾನು ಕಡ್ಡಿಯನ್ನು ಮುಟ್ಟುವುದಿಲ್ಲ.

ಇನ್ನು, ಸ್ವೆಟರಿನಂಥ ದೊಡ್ಡ ಕೆಲಸಕ್ಕೆ ಏಕೆ ಕೈ ಹಾಕುವುದಿಲ್ಲ ಎಂದರೆ, ಏಪ್ರಿಲ್ ತಿಂಗಳ ಸೆಕೆಯಲ್ಲಿ ಅಷ್ಟು ಉಲ್ಲನ್ನನ್ನು ತೊಡೆಯ ಮೇಲೆ ಹರಡಿಕೊಂಡು ಕೂರುವುದು ಕಷ್ಟ. ಕುಲಾವಿ, ಕಾಲುಚೀಲಗಳಿಗಾದರೆ ಬಾಣಂತನ ನಡೆಯುವ ಮನೆಗಳಿಂದ ವರ್ಷವಿಡೀ ಬೇಡಿಕೆ ಇರುತ್ತದೆ.

ಹೊಸದಾಗಿ ಪ್ರಯತ್ನಿಸುವವರು ಹತ್ತಿಯ ದಾರದಲ್ಲಿ ಪಾತ್ರೆ ಒರೆಸುವ ಒಂದು ಚೌಕವನ್ನು ಎಲ್ಲ ಸಾಲುಗಳೂ ನಿಟ್ ಆಗಿರುವಂತೆ ಹೆಣೆಯಲು ತೊಡಗಲಿ. ಹಾಗೆ ಹೆಣೆದದ್ದರ ಅಂಚು ಸುರುಳಿಕೊಳ್ಳುವುದಿಲ್ಲ, ಒಂದು ಕುಣಿಕೆ ಹೆಚ್ಚುಕಡಿಮೆಯಾದರೂ ಬಳಕೆಗೆ ಅಡ್ಡಿಯಿಲ್ಲ. ಎದುರಿಗೆ ಈಗಾಗಲೇ ಒಮ್ಮೆ ಓದಿ ಮೆಚ್ಚಿದ ಕಾದಂಬರಿಯನ್ನೇ ಇಟ್ಟುಕೊಳ್ಳಲಿ. ಕಥೆ ಗೊತ್ತಿರುವುದರಿಂದ ನಡುನಡುವೆ ಕಡ್ಡಿಯ ಕಡೆ ನೋಡಬೇಕಾಗಿ ಬಂದರೂ ಓದು ಮುರಿಯುವುದಿಲ್ಲ.