ಕುದುರೆ ಕಟ್ಟಿದ ಹುಡುಗರು

ಆಗಸ್ಟ್ 17, 2025, ಭಾನುವಾರ

ಅಕ್ಕನ ಮಗನಿಗೆ ಈ ವರ್ಷ ಎಸ್ಸೆಸ್ಸೆಲ್ಸಿ. ನಿನ್ನೆ ಅಷ್ಟಮಿಗೆಂದು ಬಂದವನು ಚಕ್ಕುಲಿ ಡಬ್ಬ ಮುಂದಿಟ್ಟುಕೊಂಡು ‘ವೀರಲವ’ ಪದ್ಯ ಬಾಯಿಪಾಠ ಮಾಡುತ್ತಿದ್ದ. ಲವ ಬಿಲ್ಲು ಹಿಡಿದು ನಿಲ್ಲುವಲ್ಲಿಗೆ ಪಾಠ ಮುಗಿಯುತ್ತದೆ. “ಆಮೇಲೆ ಏನಾಯ್ತು ಚಿಕ್ಕಮ್ಮ?” ಅಂದ. ಪರೀಕ್ಷೆಗೆ ಬೇಡದ ಪ್ರಶ್ನೆ, ಅದಕ್ಕೇ ನನಗೆ ಖುಷಿಯಾಯಿತು. ಕಪಾಟಿನಿಂದ, ಆ ಪದ್ಯ ಬರುವ ಜೈಮಿನಿ ಭಾರತ ಇಳಿಸಿದೆ. ಅವನು ರಾತ್ರಿಯೇ ಊರಿಗೆ ಹೋದ. ನಾನು ಮಾತ್ರ ಇವತ್ತು ಬೆಳಗಿನಿಂದ ಅದರಲ್ಲೇ ಇದ್ದೇನೆ.

ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶ ಬರೆದದ್ದು. 34 ಸಂಧಿ, ಪೂರ್ತಿ ವಾರ್ಧಕ ಷಟ್ಪದಿ ಅನ್ನುವ ಆರು ಸಾಲಿನ ಪದ್ಯಗಳು. ಕುರುಕ್ಷೇತ್ರ ಮುಗಿದಿದೆ, ಧರ್ಮರಾಯನ ಅಶ್ವಮೇಧ ನಡೆಯಬೇಕು. ಕುದುರೆಯ ಹಿಂದೆ ಅರ್ಜುನ ಹೊರಡುತ್ತಾನೆ. ಹೋದ ಕಡೆಯೆಲ್ಲ ಗೆಲುವೇ ಅಂದುಕೊಂಡರೆ ತಪ್ಪು. ಈ ಕವಿ ಅವನನ್ನು ಸರಿಯಾಗಿ ಸತಾಯಿಸುತ್ತಾನೆ.

ಲವನ ಪದ್ಯವನ್ನೇ ನೋಡಿ. ವಾಲ್ಮೀಕಿ ಊರಲ್ಲಿಲ್ಲ, ತೋಟ ನೋಡಿಕೊಳ್ಳುವ ಕೆಲಸ ಲವನದು. ಹಸಿರು ಮೇಯಲು ರಾಮನ ಯಾಗದ ಕುದುರೆ ನುಗ್ಗುತ್ತದೆ. ಅದರ ಹಣೆಯ ಪಟ್ಟಿಯಲ್ಲಿ ಬರೆದಿದೆ: ಭೂಮಿಯ ಮೇಲೆ ಕೌಸಲ್ಯೆ ಹೆತ್ತ ರಾಮನೊಬ್ಬನೇ ವೀರ, ತಾಕತ್ತಿದ್ದವರು ತಡೆಯಿರಿ. ಲವನಿಗೆ ಚುಚ್ಚುವುದು ಆ ‘ಕೌಸಲ್ಯೆ ಹೆತ್ತ’ ಅನ್ನುವ ಮಾತು. ಇದನ್ನು ಸುಮ್ನೆ ಬಿಟ್ಟರೆ ನನ್ನ ತಾಯಿಯನ್ನು ಜನ ಬಂಜೆ ಅನ್ನುವುದಿಲ್ಲವೇ ಅನ್ನುತ್ತಾನೆ. ಉತ್ತರೀಯ ಬಿಚ್ಚಿ ಕುದುರೆಯನ್ನು ಬಾಳೆಗಿಡಕ್ಕೆ ಕಟ್ಟುತ್ತಾನೆ. ಬಾಳೆಗಿಡಕ್ಕೆ! ಅದು ಒಮ್ಮೆ ಜಗ್ಗಿದರೆ ಸಾಕಿತ್ತು. ಋಷಿಗಳ ಮಕ್ಕಳು ಹೆದರಿ ಬಿಟ್ಟುಬಿಡು ಅಂದರೆ, ನಾನು ಜಾನಕಿಯ ಮಗ ಅನ್ನುತ್ತಾನೆ. ಅಪ್ಪನ ಹೆಸರು ಅವನಿಗೆ ಗೊತ್ತೇ ಇಲ್ಲ, ಅಲ್ವಾ? ಮುಂದೆ ಶತ್ರುಘ್ನ, ಲಕ್ಷ್ಮಣ, ಭರತ, ಕೊನೆಗೆ ರಾಮ, ಎಲ್ಲರೂ ಲವ ಕುಶರ ಎದುರು ನೆಲಕ್ಕೆ ಬೀಳುತ್ತಾರೆ.

ಅರ್ಜುನನ ಕಥೆಯ ನಡುವೆ ರಾಮನ ಕಥೆ ಯಾಕೆ ಬಂತು? ಮಣಿಪುರದಲ್ಲಿ ಬಭ್ರುವಾಹನ ತನ್ನಪ್ಪ ಅರ್ಜುನನ ಮೇಲೆ ಯುದ್ಧಕ್ಕೆ ನಿಲ್ಲುತ್ತಾನೆ. ಹಿಂದೆ ರಾಮನಿಗೂ ಮಕ್ಕಳ ಜೊತೆ ಹೀಗೇ ಆಗಿತ್ತು ಎಂದು ಕಥೆ ಹೇಳುವ ಋಷಿ ಜೈಮಿನಿ, ಕೇಳುವ ರಾಜ ಜನಮೇಜಯನಿಗೆ ಹೇಳುತ್ತಾನೆ. ಬಭ್ರುವಾಹನ ಮೊದಲು ಕಾಣಿಕೆ ತಂದು ಅಪ್ಪನ ಕಾಲಿಗೆ ಬೀಳುತ್ತಾನೆ. ಅರ್ಜುನ ಅವನನ್ನು ಒದೆಯುತ್ತಾನೆ. ಅಭಿಮನ್ಯು ನನ್ನ ಮಗ, ನಿನ್ನ ಹುಟ್ಟೇ ಬೇರೆ ಎಂಬರ್ಥದ ಮಾತಾಡುತ್ತಾನೆ. ಅಂದರೆ ಬೈಗುಳ ಅವನ ತಾಯಿ ಚಿತ್ರಾಂಗದೆಗೆ. ವ್ಯಾಸಭಾರತದಲ್ಲಿ ಒದೆ ಇಲ್ಲ. ಅಲ್ಲಿ ಯುದ್ಧ ಮಾಡದೆ ಕೈಮುಗಿದು ಬಂದೆಯಲ್ಲ ಎಂದು ಅರ್ಜುನ ಮಗನನ್ನು ಹೀಯಾಳಿಸುತ್ತಾನೆ, ಅರ್ಜುನನ ಇನ್ನೊಬ್ಬ ಹೆಂಡತಿ ಉಲೂಪಿ ಬಂದು ಹುಡುಗನನ್ನು ಹುರಿದುಂಬಿಸುತ್ತಾಳೆ. ನನಗೆ ಜೈಮಿನಿಯ ದಾರಿಯೇ ಇಷ್ಟ. ಇಲ್ಲಿ ಮಗನ ಸಿಟ್ಟಿಗೆ ಯಾರೂ ಒಗ್ಗರಣೆ ಹಾಕಬೇಕಿಲ್ಲ. 1977ರ ‘ಬಭ್ರುವಾಹನ’ ಸಿನಿಮಾದಲ್ಲಿ ಅಪ್ಪ ಮಗ ಎರಡೂ ಪಾತ್ರ ರಾಜಕುಮಾರ್ ಅವರೇ ಮಾಡಿದ್ದರಿಂದ ನಮ್ಮ ಕಣ್ಣೆಲ್ಲ ಆ ಜಟಾಪಟಿಯ ಮೇಲೆ. ಅದಕ್ಕೆ ಕಾರಣವಾದ ತಾಯಂದಿರು ಹಿಂದೆ ಸರಿದುಬಿಟ್ಟರು.

ಎಲ್ಲರಿಗಿಂತ ಹಿಂದೆ ಸರಿದವಳು ಜ್ವಾಲೆ. ಮಾಹಿಷ್ಮತಿಯ ನೀಲಧ್ವಜನ ಹೆಂಡತಿ. ಗಂಡ ಅರ್ಜುನನಿಗೆ ಶರಣಾದದ್ದನ್ನು ಸಹಿಸಲಿಲ್ಲ. ಅಣ್ಣನ ಹತ್ತಿರ ಹೋದಳು, ಅವನೂ ಅರ್ಜುನನ ಮೇಲೆ ಯುದ್ಧಕ್ಕೆ ಒಪ್ಪಲಿಲ್ಲ. ಗಂಗೆ ದಾಟುವಾಗ ನೀರು ಮೈಗೆ ತಾಕಿತು. ಮಕ್ಕಳಿಲ್ಲದವಳ ನೀರು ತಾಕಿ ಪಾಪ ಬಂತು ಅಂದಳು! ಗಂಗೆಗೆ ತಡೆಯಲಾಗಲಿಲ್ಲ. ನನಗೆ ಮಕ್ಕಳಿಲ್ಲವೇ ಎಂದು ಕೇಳಿದಳು. ಏಳು ಮಕ್ಕಳನ್ನು ನೀನೇ ಮುಳುಗಿಸಿದೆ, ಎಂಟನೆಯವನಾದ ಭೀಷ್ಮನನ್ನು ಅರ್ಜುನ ಶಿಖಂಡಿಯನ್ನು ಮುಂದಿಟ್ಟುಕೊಂಡು ಕೆಡವಿದ ಎಂದು ಜ್ವಾಲೆ ಲೆಕ್ಕ ಒಪ್ಪಿಸಿದಳು. ಲವ ಯಾವ ಮಾತಿಗೆ ಹೆದರಿದ್ದನೋ ಅದೇ ಮಾತು, ಈ ಸಲ ಗಂಗೆಗೆ. ಇನ್ನು ಆರು ತಿಂಗಳಲ್ಲಿ ಅರ್ಜುನನ ತಲೆ ಬೀಳಲಿ ಎಂದು ಗಂಗೆ ಶಪಿಸಿದಳು. ಜ್ವಾಲೆ ಬೆಂಕಿಗೆ ಬಿದ್ದು ಬಾಣವಾದಳು, ಬಭ್ರುವಾಹನನ ಬತ್ತಳಿಕೆ ಸೇರಿದಳು. ಮಣಿಪುರದಲ್ಲಿ ಅರ್ಜುನನ ತಲೆ ಕೆಡವಿದ್ದು ಅವಳೇ. ಪಾತಾಳದ ಸಂಜೀವಕ ಮಣಿ, ಕೃಷ್ಣನ ಓಡಾಟ, ಅರ್ಜುನ ಮತ್ತೆ ಬದುಕಿದ್ದು ಎಲ್ಲ ಆಮೇಲಿನ ಮಾತು.

ಚಂದ್ರಹಾಸನ ಕಥೆ ಇನ್ನೂ ಬಾಕಿ. ಬೆಳಕಿದ್ದಾಗಲೇ ಓದಿಕೊಳ್ಳಬೇಕು. ನನ್ನ ಹತ್ತಿರ ಇರುವ ಮುದ್ರಣದ ಅಕ್ಷರ ತೀರಾ ಸಣ್ಣ.