ಇನ್ವರ್ಟರ್ ಬ್ಯಾಟರಿಗೆ ರೇಟುಂಟು, ಟಾರ್ಚಿನ ಶೆಲ್ಲಿಗಿಲ್ಲ

ಶಿರಸಿ ಕಡೆ ಮಳೆಗಾಲ ಅಂದರೆ ಕರೆಂಟಿಲ್ಲದ ಕಾಲ. ಹಾಗಾಗಿ ನಮ್ಮ ಮನೆಗಳಲ್ಲಿ ಬ್ಯಾಟರಿಗೆ ಬರವಿಲ್ಲ. ಇನ್ವರ್ಟರಿನದ್ದು ಸತ್ತರೆ ಚಿಂತೆಯೂ ಇಲ್ಲ. ಹೊಸದು ತಂದವನೇ ಹಳೆಯದನ್ನು ಹೊತ್ತುಕೊಂಡು ಹೋಗಿ, ಬಿಲ್ಲಿನಲ್ಲಿ ಅಷ್ಟು ಮುರಿದುಕೊಳ್ಳುತ್ತಾನೆ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ, ಕರಗಿಸಿದರೆ ಮತ್ತೆ ಬ್ಯಾಟರಿಗೇ ಆಯಿತು. ಟಾರ್ಚು, ಗಡಿಯಾರ, ರಿಮೋಟಿನ ಶೆಲ್ಲು ಮಾತ್ರ ಯಾರಿಗೂ ಬೇಡ. ಗುಜರಿಯವನಿಗೆ ತೋರಿಸಿದರೆ "ಅದೆಂತಕ್ಕೆ ಅಮ್ಮಾ" ಅಂತ ಸ್ಕೂಟರ್ ತಿರುಗಿಸುತ್ತಾನೆ.

ಒಳಗೆ ಏನೂ ಇಲ್ಲ ಅಂತಲ್ಲ. ಚಿಕ್ಕವರಿದ್ದಾಗ ಶೆಲ್ಲು ಜಜ್ಜಿ, ನಡುವಿನ ಕಪ್ಪು ಕಡ್ಡಿ ತೆಗೆದು ಅಂಗಳದ ಕಲ್ಲಿನ ಮೇಲೆ ಬರೆಯುತ್ತಿದ್ದೆವು. ಅದು ಇಂಗಾಲದ ಕಡ್ಡಿ. ಸುತ್ತಲಿನ ಕರಿ ಪುಡಿ ಉಗುರು ಸಂದಿಗೆ ಹೊಕ್ಕರೆ ಸೀಗೆಪುಡಿಗೂ ಜಗ್ಗುತ್ತಿರಲಿಲ್ಲ. ಅದು ಮ್ಯಾಂಗನೀಸ್ ಡೈಆಕ್ಸೈಡ್. ನಮ್ಮ ಜಿಲ್ಲೆಯದೇ ಜೊಯಿಡಾ ಕಾಡಿನಲ್ಲಿ ಒಂದು ಕಾಲಕ್ಕೆ ನೆಲ ಅಗೆದು ತೆಗೆಯುತ್ತಿದ್ದುದೂ ಮ್ಯಾಂಗನೀಸ್ ಅದಿರನ್ನೇ! ತಗಡಿನ ಒಳಗಿನ ಡಬ್ಬಿ ಸತುವಿನದು. ಕರೆಂಟು ಕೊಡುತ್ತ ಕೊಡುತ್ತ ಸವೆಯುವುದು ಈ ಸತುವೇ. ಹಳೇ ಶೆಲ್ಲು ತೂತಾಗಿ, ಟಾರ್ಚಿನೊಳಗೆ ಸೋರಿ, ಸ್ಪ್ರಿಂಗಿಗೆ ಕಿಲುಬು ಹಿಡಿಯುವುದು ಅದಕ್ಕೇ.

ಕಾರ್ಖಾನೆಯಲ್ಲಿ ಇದನ್ನು ಪುಡಿ ಮಾಡಿ, ಅಯಸ್ಕಾಂತದಿಂದ ಉಕ್ಕು ಎಳೆದು, ಸತು, ಮ್ಯಾಂಗನೀಸ್ ಬೇರ್ಪಡಿಸಬಹುದು. ಆದರೆ ಮನೆಮನೆಯಿಂದ ಆಯ್ದು ಸಾಗಿಸುವ ಖರ್ಚಿಗೆ ಆ ಬೆಲೆ ಸಾಲದು. ಫೋನಿನ ಲಿಥಿಯಂ ಬ್ಯಾಟರಿಯ ಕಥೆ ಬೇರೆ. ಅದನ್ನು ಪುಡಿ ಮಾಡಿದಾಗ ಸಿಗುವ ಕಪ್ಪು ಪುಡಿಯನ್ನು ಆಮ್ಲದಲ್ಲಿ ಕರಗಿಸಿದರೆ ಕೋಬಾಲ್ಟ್, ನಿಕಲ್, ಲಿಥಿಯಂ ಸಿಗುತ್ತವೆ. ಜೊತೆಗೆ ತಾಮ್ರದ ಹಾಳೆಯೂ.

ನಮ್ಮಲ್ಲಿ ಎಲ್ಲವೂ ಹೋಗುವುದು ಬಚ್ಚಲ ಒಲೆಗೆ. ಅಡಿಕೆ ಸಿಪ್ಪೆಯ ಜೊತೆ ಶೆಲ್ಲೂ. ಆ ಬೂದಿಯೇ ಮತ್ತೆ ತೊಂಡೆ ಬಳ್ಳಿಯ ಬುಡಕ್ಕೆ! ಲಿಥಿಯಂ ಬ್ಯಾಟರಿಯಾದರೆ ಒಲೆಯಲ್ಲೇ ಸಿಡಿಯುತ್ತದೆ. ನಾನೀಗ ಒಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಡುತ್ತೇನೆ, ಲಿಥಿಯಂನ ತುದಿಗಳಿಗೆ ಟೇಪು ಸುತ್ತಿ, ಬೇರೆಯಾಗಿ. ಕೊಡುವುದೆಲ್ಲಿ ಅನ್ನುವುದೇ ತಲೆಬಿಸಿ.

2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಸಣ್ಣ ಶೆಲ್ಲೂ ಸೇರಿ ಎಲ್ಲದರ ಹೊಣೆ ತಯಾರಕರದ್ದು. ಮನೆಯವರು ಕಸಕ್ಕೆ ಬೆರೆಸದೆ ಬೇರೆ ಕೊಡಬೇಕು. ಪೇಟೆಯ ಅಂಗಡಿಯಲ್ಲಿ ಕೇಳಿದೆ. "ಕಂಪನಿಯವರು ಹೊಸದು ಇಳಿಸಿ ಹೋಗ್ತಾರೆ, ಹಳೇದು ಕೇಳೋದಿಲ್ಲ" ಅಂದ. ನಿಯಮದಲ್ಲೇ ಡಿಪಾಜಿಟ್ಟಿಗೂ ಅವಕಾಶವಿದೆಯಂತೆ. ಶೆಲ್ಲಿಗೆ ಒಂದು ರೂಪಾಯಿ ಹೆಚ್ಚಿಗೆ ತಗೊಂಡು, ಖಾಲಿಯದ್ದು ತಂದಾಗ ವಾಪಸ್ ಕೊಡಲಿ ನೋಡೋಣ. ನಮ್ಮ ಕೇರಿಯ ಹುಡುಗರು ಹಳ್ಳದಲ್ಲಿ ಬಿದ್ದದ್ದನ್ನೂ ಹೆಕ್ಕಿ ತರುತ್ತಾರೆ.