ರೇಡಾರ್ ಓಕೆ, ಲೈನ್ ಇಲ್ಲ

ಅಮೆರಿಕದಲ್ಲಿ ಹವಾಮಾನ ರೇಡಾರ್‌ಗಳ ಟೆಲಿಕಾಂ ಲೈನ್‌ಗಳನ್ನ ಹಳೇ ಕಾಂಟ್ರಾಕ್ಟಿಂದ ಹೊಸದಕ್ಕೆ ಬದಲಾಯಿಸೋದ್ರ ಬಗ್ಗೆ ಓದ್ತಾ ಕೂತಿದ್ದೆ, ಒಣ ಆಫೀಸ್ ವಿಷ್ಯ ಅಂದ್ಕೊಂಡ್ರೆ ಬಿಡೋಕೇ ಆಗ್ಲಿಲ್ಲ.

ನೆಕ್ಸ್‌ರಾಡ್ ಅಂತ ಸುಮಾರು 160 ರೇಡಾರ್ ಇವೆ, ಹವಾಮಾನ ಇಲಾಖೆ, ವಿಮಾನಯಾನದವ್ರು, ಏರ್‌ಫೋರ್ಸ್ ಮೂರೂ ಸೇರಿ ನಡ್ಸೋದು. ಲೈನ್ ಬದಲಾಯಿಸುವಾಗ ಮಜಾ ಏನಂದ್ರೆ, ರೇಡಾರ್ ತನ್ಪಾಡಿಗೆ ತಾನು ತಿರುಗ್ತಾ ಮಳೆ ಗಾಳಿ ಎಲ್ಲಾ ನೋಡ್ತಾನೇ ಇರುತ್ತೆ, ಡೇಟಾ ಮಾತ್ರ ಹೊರಗೆ ಬರಲ್ಲ, ಕಣ್ಣಿದೆ ಬಾಯಿಲ್ಲ ಅನ್ನೋ ಹಾಗೆ.

ಅಷ್ಟೊತ್ತು ಪಕ್ಕದ ರೇಡಾರ್ ನೋಡಿದ್ರಾಯ್ತಲ್ಲ ಅಂತೀರಾ? ಭೂಮಿ ಗುಂಡಗಿದೆಯಲ್ಲಾ ಸ್ವಾಮಿ! 0.5 ಡಿಗ್ರಿ ಮೇಲಕ್ಕೆ ಬಿಟ್ಟ ಬೀಮ್ 200 ಕಿಮೀ ದಾಟೋಷ್ಟ್ರಲ್ಲಿ ನೆಲದಿಂದ ಹತ್ರಹತ್ರ 4 ಕಿಮೀ ಎತ್ತರದಲ್ಲಿರುತ್ತೆ, ಸುಂಟರಗಾಳಿ ಬರ್ತಿದೆ ಅಂತ ಸುಳಿವು ಕೊಡೋ ಗಾಳಿಯ ತಿರುವು ಎಷ್ಟೋ ಸಲ ಅದ್ರ ಕೆಳಗೇ ಇದ್ದು ಕಾಣ್ಸೋದೇ ಇಲ್ಲ. ಅದಕ್ಕೇ ಇಂಥ ಕೆಲ್ಸಕ್ಕೆ ಆಕಾಶ ಕ್ಲಿಯರ್ ಇರೋ ದಿನ ಹುಡುಕ್ಬೇಕು, ಮೋಡ ಕಟ್ತು ಅಂದ್ರೆ ಮುಂದಕ್ಕೆ ಹಾಕ್ಬೇಕು. ಆದ್ರೆ ಕಾಂಟ್ರಾಕ್ಟ್ ಮುಗಿಯೋ ತಾರೀಕು ಮೋಡ ನೋಡ್ಕೊಂಡು ಮುಂದೆ ಹೋಗಲ್ವಲ್ಲ.

ನನ್ನ ಪ್ರಕಾರ ಹೊಸ ಲೈನಲ್ಲಿ ಡೇಟಾ ಸರಿಯಾಗಿ ಬರ್ತಿದೆ ಅಂತ ಗ್ಯಾರಂಟಿ ಆಗೋವರ್ಗೂ ಹಳೇದನ್ನ ಕೀಳ್ಲೇಬಾರ್ದು, ಎರಡೂ ಒಟ್ಟಿಗೆ ಓಡ್ಲಿ. ಡಬಲ್ ಬಿಲ್ ಬರುತ್ತೆ, ಅಕೌಂಟ್ಸ್‌ನವ್ರು ಮುಖ ಗಂಟು ಹಾಕ್ಕೋತಾರೆ, ಹಾಕ್ಕೊಳ್ಲಿ ಬಿಡಿ.